ಚೀಟಿ ಇಲ್ಲದ ಸಿರಿಂಜು

ಕಳೆದ ತಿಂಗಳು ಗಿರಣಿಯ ಗೆಳೆಯರೊಬ್ಬರನ್ನು ನೋಡಿಕೊಂಡು ಬರಲು ನಾವು ಒಂದು ಆಸ್ಪತ್ರೆಗೆ ಹೋಗಿದ್ದೆವು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಎಲ್ಲ ಕಡೆಯ ಕಥೆಯೂ ಹೆಚ್ಚು ಕಡಿಮೆ ಅದೇ. ರಾತ್ರಿ ಎಂಟೂವರೆಯ ಹೊತ್ತು. ವಾರ್ಡಿನಲ್ಲಿ 34 ಹಾಸಿಗೆ, ಇಬ್ಬರು ಸಿಸ್ಟರು. ನಮ್ಮ ಗೆಳೆಯರ ಪಕ್ಕದ ಹಾಸಿಗೆಯಲ್ಲಿ ಮಾರ್ಕೆಟ್ಟಿನ ಹಮಾಲರೊಬ್ಬರು ಜ್ವರದಿಂದ ಮಲಗಿದ್ದರು. ಸಿಸ್ಟರು ಬಂದು ಅವರಿಗೆ ಕೊಡಬೇಕಾದ ಔಷಧಿಯನ್ನು ಒಂದು ಸಿರಿಂಜಿಗೆ ಎಳೆದು ಟ್ರೇಯಲ್ಲಿಟ್ಟರು. ಕೊಳವೆ ತೊಳೆಯಲು ಬೇಕಾದ ಸಲೈನ್ ನೀರನ್ನು ಇನ್ನೊಂದಕ್ಕೆ ಎಳೆದು ಅದರ ಪಕ್ಕದಲ್ಲೇ ಇಟ್ಟರು. ಅಷ್ಟರಲ್ಲಿ ಮೂಲೆಯ ಹಾಸಿಗೆಯಿಂದ ಚೀರಾಟ ಕೇಳಿಬಂತು. ಅವರು ಅತ್ತ ಓಡಿದರು.

ಹತ್ತು ನಿಮಿಷದ ಮೇಲೆ ತಿರುಗಿ ಬಂದಾಗ ಆ ಎರಡು ಸಿರಿಂಜುಗಳನ್ನು ನೋಡುತ್ತ ಅವರು ಒಂದು ಕ್ಷಣ ನಿಂತರು. ಎರಡರಲ್ಲೂ ಇದ್ದದ್ದು ತಿಳಿನೀರಿನಂಥ ದ್ರವ. ಯಾವುದರ ಮೇಲೂ ಹೆಸರಿಲ್ಲ. ಅವರು ಎರಡನ್ನೂ ಕಸದ ಡಬ್ಬಿಗೆ ಹಾಕಿದರು.

ಹಮಾಲರ ಹೆಂಡತಿ ಹೌಹಾರಿದರು. "ಏನ್ರೀ ಸಿಸ್ಟರ್, ಅದು ಮುನ್ನೂರ ಅರವತ್ತು ರೂಪಾಯಿದು! ಈಗಷ್ಟೇ ನನ್ನ ಮಗ ಓಡಿಹೋಗಿ ಅಂಗಡಿಯಿಂದ ತಂದಾನ."

"ಗೊತ್ತಮ್ಮಾ. ಆದ್ರೆ ಇದರಲ್ಲಿ ಔಷಧಿ ಯಾವುದು, ನೀರು ಯಾವುದು ಅಂತ ನನಗೇ ಖಾತ್ರಿ ಇಲ್ಲ. ಖಾತ್ರಿ ಇಲ್ಲದ್ದನ್ನ ನಿಮ್ಮ ಯಜಮಾನ್ರ ನರಕ್ಕೆ ಹೆಂಗೆ ಹಾಕ್ಲಿ?"

ಆ ತಾಯಿ ಮತ್ತೆ ಮಾತಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಎಣಿಸಿದರು. ಸಾಲದೆ ಬಂದದ್ದನ್ನು ಅಕ್ಕಪಕ್ಕದ ಹಾಸಿಗೆಯವರು ಕೂಡಿಸಿಕೊಟ್ಟರು. ಮಗ ಮತ್ತೆ ಅಂಗಡಿಗೆ ಓಡಿದ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಮಗೂ ಸಿಟ್ಟು ಬಂದಿತ್ತು. ಬಡವರ ದುಡ್ಡೆಂದರೆ ಇಷ್ಟು ಹಗುರವೇ ಎಂದುಕೊಂಡೆವು. ಮನೆಗೆ ನಡೆದು ಬರುವ ದಾರಿಯಲ್ಲಿ ನಮ್ಮ ತಪ್ಪು ನಮಗೆ ಹೊಳೆಯಿತು. ಆ ಸಿಸ್ಟರು ಮಾಡಿದ್ದು ಸರಿ. ಅವರು ಮಾಡಬಹುದಾಗಿದ್ದ ಸರಿಯಾದ ಕೆಲಸ ಅದೊಂದೇ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದಿತು: ಸರಿಯಾದ ಕೆಲಸಕ್ಕೆ ಹಮಾಲರ ಹೆಂಡತಿ ಯಾಕೆ ದಂಡ ತೆರಬೇಕು? ಒಂದು ಅಂಗುಲದ ಚೀಟಿ ಆ ಸಿರಿಂಜಿನ ಮೇಲೆ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಚೀಟಿ ಯಾಕಿರಲಿಲ್ಲ? ವಾರ್ಡಿನಲ್ಲಿ ಚೀಟಿಗಳೇ ಇರಲಿಲ್ಲ. ಪ್ಲಾಸ್ಟರಿನ ತುಂಡು ಹರಿದು ಪೆನ್ನಿನಿಂದ ಬರೆದು ಅಂಟಿಸುವುದೇ ಅಲ್ಲಿಯ ಪದ್ಧತಿ. ಆ ತುಂಡು ಹರಿಯುವಷ್ಟು ಹೊತ್ತೂ ಅವರಿಗೆ ಅಂದು ಸಿಗಲಿಲ್ಲ.

ಹೋದ ಔಷಧಿ ಹಿಂದಕ್ಕೆ ಬಾರದು

ಬಾಯಿಂದ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ ರಕ್ತ ಸೇರಲು ಸಮಯ ಬೇಕು. ತಪ್ಪಾಯಿತೆಂದು ತಿಳಿದರೆ ಹೊಟ್ಟೆ ತೊಳೆಯುವುದೋ ಮತ್ತೇನೋ ಒಂದು ದಾರಿ ಹುಡುಕಲು ಹೊತ್ತಿರುತ್ತದೆ. ನರಕ್ಕೆ ಕೊಟ್ಟ ಔಷಧಿಗೆ ಆ ದಯೆ ಇಲ್ಲ. ಅದು ಒಂದು ನಿಮಿಷದೊಳಗೆ ಗುಂಡಿಗೆಯನ್ನು ಮುಟ್ಟಿರುತ್ತದೆ. ಇಂಥ ಔಷಧಿಗಳಲ್ಲಿ ಬಹುಪಾಲು ನೀರಿನಂತೆ ತಿಳಿಯಾಗಿರುತ್ತವೆ. ಕಣ್ಣಿಗೆ ಕಾಣುವ ಗುರುತಿಲ್ಲ, ಮೂಗಿಗೆ ತಿಳಿಯುವ ವಾಸನೆಯಿಲ್ಲ. ಸೀಸೆಯಿಂದ ಹೊರಬಂದ ಮೇಲೆ ಅದಕ್ಕಿರುವ ಹೆಸರೆಂದರೆ ಚೀಟಿಯ ಮೇಲೆ ಬರೆದದ್ದು ಮಾತ್ರ.

ಪೊಟ್ಯಾಸಿಯಮ್ ಕ್ಲೋರೈಡ್ ಎಂಬ ಒಂದು ಲವಣವುಂಟು. ವಾಂತಿ ಭೇದಿಯಿಂದ ಬಳಲಿದವರಿಗೆ ಇದನ್ನು ಗ್ಲೂಕೋಸ್ ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಹರಿಸಿದರೆ ಜೀವ ಉಳಿಸುತ್ತದೆ. ಬೆರೆಸದೆ ಹಾಗೆಯೇ ನರಕ್ಕೆ ಚುಚ್ಚಿದರೆ ಗುಂಡಿಗೆ ನಿಲ್ಲುತ್ತದೆ. ಇದರ 10 ಮಿಲಿಯ ಆಂಪೂಲೂ ಔಷಧಿ ಕಲಸುವ ಶುದ್ಧ ನೀರಿನ 10 ಮಿಲಿಯ ಆಂಪೂಲೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇದ್ದರೆ ಏನಾಗಬಹುದೆಂದು ಓದುಗರೇ ಊಹಿಸಲಿ. ಅಮೆರಿಕದಲ್ಲಿ ಆಸ್ಪತ್ರೆಗಳ ತಪಾಸಣೆ ನಡೆಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 1998ರಲ್ಲಿ ಹೊರಡಿಸಿದ ಮೊದಲನೆಯ ಎಚ್ಚರಿಕೆ ಪತ್ರವೇ ಈ ಲವಣವನ್ನು ಕುರಿತದ್ದು. ಅದು ಪರಿಶೀಲಿಸಿದ 10 ಸಾವುಗಳಲ್ಲಿ 8 ಬೆರೆಸದೆ ಕೊಟ್ಟದ್ದರಿಂದ ಆದವು. ಆ ಎಂಟರಲ್ಲಿ ಆರು ಕಡೆ ಬೇರೆ ಔಷಧಿಯೆಂದು ಭ್ರಮಿಸಿ ಇದನ್ನು ಕೊಟ್ಟಿದ್ದರು. ಸೀಸೆಗಳ ರೂಪವೂ ಚೀಟಿಯೂ ಒಂದೇ ತರಹ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಪರಿಹಾರ ಸುಲಭದ್ದೇ ಆಗಿತ್ತು: ಗಾಢವಾದ ಈ ಲವಣವನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ತೆಗೆದುಬಿಡುವುದು. ವಿಶ್ವ ಆರೋಗ್ಯ ಸಂಸ್ಥೆಯೂ 2007ರಲ್ಲಿ ಇಂಥ ಗಾಢ ಲವಣಗಳನ್ನು ಹದ್ದುಬಸ್ತಿನಲ್ಲಿಡಬೇಕೆಂದು ಎಲ್ಲ ದೇಶಗಳಿಗೂ ಹೇಳಿತು.

ಅಂಗಡಿಗೊಂದು ನ್ಯಾಯ, ವಾರ್ಡಿಗೊಂದು ನ್ಯಾಯ

ನಮ್ಮ ಓದುಗರಲ್ಲಿ ಅನೇಕರು ಚಿಕ್ಕ ವ್ಯಾಪಾರಿಗಳು. ಪೊಟ್ಟಣ ಕಟ್ಟಿದ ಕಾಲು ಕಿಲೋ ಬೇಳೆಯ ಮೇಲೆ ಏನೇನು ಬರೆದಿರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಪದಾರ್ಥದ ಹೆಸರು, ನಿವ್ವಳ ತೂಕ, ಕಟ್ಟಿದ ತಿಂಗಳು ಮತ್ತು ವರ್ಷ, ಬೆಲೆ, ಕಟ್ಟಿದವರ ವಿಳಾಸ. ಒಂದು ತಪ್ಪಿದರೂ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತೂಕ ಅಳತೆಯ ಇನ್ಸ್‌ಪೆಕ್ಟರು ಬಂದು ಕೇಸು ಹಾಕುತ್ತಾರೆ. ಗಿರಣಿಯವರನ್ನು ಕೇಳಿರಿ. 20 ನಂಬರಿನ ನೂಲಿಗೂ 40 ನಂಬರಿನ ನೂಲಿಗೂ ಬಾಬಿನ್ನಿನ ಬಣ್ಣವೇ ಬೇರೆ. ನಂಬರು ಬೆರೆತರೆ ಬಟ್ಟೆಯಲ್ಲಿ ಪಟ್ಟೆ ಬೀಳುತ್ತದೆ, ಮಾಲೀಕನಿಗೆ ನಷ್ಟ. ಮಾಲೀಕನ ನಷ್ಟ ತಪ್ಪಿಸಲು ಬಣ್ಣ ಬಂತು. ರೋಗಿಯ ನರಕ್ಕೆ ಹೋಗುವ ದ್ರವದ ಮೇಲೆ ಮಾತ್ರ ಹೆಸರಿಲ್ಲದಿದ್ದರೂ ನಡೆಯುತ್ತದೆ ಎಂಬುದು ಯಾವ ನ್ಯಾಯ?

ಆ ಚೀಟಿಯಲ್ಲಿ ಇರಬೇಕಾದದ್ದೇನೂ ಗುಟ್ಟಿನ ವಿದ್ಯೆಯಲ್ಲ. ರೋಗಿಯ ಹೆಸರು ಮತ್ತು ನಂಬರು, ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವುದರಲ್ಲಿ ಬೆರೆಸಿದ್ದು, ಒಟ್ಟು ಎಷ್ಟು ಮಿಲಿ, ಯಾವ ದಾರಿಯಿಂದ ಕೊಡುವುದು, ತಯಾರಿಸಿದ ತಾರೀಖು ಮತ್ತು ಗಂಟೆ, ತಯಾರಿಸಿದವರ ಮತ್ತು ಪರೀಕ್ಷಿಸಿದವರ ಸಹಿ. ಇಷ್ಟೇ. ಪದ್ಧತಿಯೂ ಸರಳ. ಔಷಧಿ ಎಳೆದ ಕೂಡಲೇ, ಕೈಯಿಂದ ಕೆಳಗಿಡುವ ಮೊದಲೇ ಚೀಟಿ ಅಂಟಿಸಬೇಕು. ಒಂದನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕಬಾರದು. ಖಾಲಿ ಸಿರಿಂಜುಗಳಿಗೆ ಮೊದಲೇ ಚೀಟಿ ಅಂಟಿಸಿ ಸಾಲಾಗಿ ಇಟ್ಟುಕೊಳ್ಳಬಾರದು. ಚೀಟಿಯು ಸಿರಿಂಜಿನ ಅಳತೆ ಗೆರೆಗಳನ್ನಾಗಲಿ ಬಾಟಲಿಯ ಮೇಲಿನ ಮುದ್ರಿತ ಹೆಸರನ್ನಾಗಲಿ ಮುಚ್ಚಬಾರದು. ಒಬ್ಬ ರೋಗಿಗೆ ಮೂರು ನಾಲ್ಕು ಕೊಳವೆಗಳಿದ್ದರೆ ಒಂದೊಂದು ಕೊಳವೆಗೂ ಹೆಸರು ಕಟ್ಟಬೇಕು. ಇನ್ಸುಲಿನ್ ಬರೆಯುವಾಗ ಯೂನಿಟ್ ಎಂಬ ಮಾತನ್ನು ಪೂರ್ತಿ ಬರೆಯಬೇಕು. ಇಂಗ್ಲಿಷಿನ 'ಯು' ಅಕ್ಷರ ಒಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. ಚೀಟಿ ಇಲ್ಲದ ಸಿರಿಂಜು ಕೈ ಬಿಟ್ಟು ಒಮ್ಮೆ ಕೆಳಗಿಳಿಯಿತೆಂದರೆ ಅದನ್ನು ಎಸೆಯಬೇಕು, ನೆನಪನ್ನು ನಂಬಬಾರದು. ಆ ರಾತ್ರಿ ಆ ಸಿಸ್ಟರು ಪಾಲಿಸಿದ್ದು ಈ ಕೊನೆಯ ನಿಯಮವನ್ನೇ.

ನಮ್ಮ ದೇಶದಲ್ಲೂ ಇದು ತಿಳಿಯದ ಮಾತಲ್ಲ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ನಿಯಮಗಳಲ್ಲಿ, ಎರಡನೆಯ ಔಷಧಿ ತಯಾರಿಸುವ ಮೊದಲು ಮೊದಲನೆಯದಕ್ಕೆ ಚೀಟಿ ಅಂಟಿಸಿರಬೇಕೆಂದು ಸ್ಪಷ್ಟವಾಗಿದೆ. ಆದರೆ ಆ ಮಾನ್ಯತೆ ಆಸ್ಪತ್ರೆಗಳು ಇಷ್ಟಪಟ್ಟು ಪಡೆಯುವಂಥದು. ಜಿಲ್ಲಾ ಊರಿನ ಚಿಕ್ಕ ನರ್ಸಿಂಗ್ ಹೋಮಿಗೆ ಆ ಪುಸ್ತಕ ತಲುಪಿದೆಯೇ?

ಕಂಪನಿಯ ಪಾಲು

ತಪ್ಪಾದಾಗ ಎಲ್ಲರ ಬೆರಳೂ ಮೊದಲು ಸಿಸ್ಟರ ಕಡೆಗೇ ತಿರುಗುತ್ತದೆ. ಸೀಸೆಯನ್ನು ತಯಾರಿಸಿದವರ ಕಡೆಗೆ ತಿರುಗುವುದು ಅಪರೂಪ.

2006ರ ಸೆಪ್ಟೆಂಬರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಮೆಥಡಿಸ್ಟ್ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಮೂರು ಹಸುಗೂಸುಗಳು ಸತ್ತವು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಎಂಬ ಔಷಧಿಯನ್ನು ಕೊಂಚ ಹಾಕುವುದುಂಟು. ಹಾಕಬೇಕಾಗಿದ್ದು ಮಿಲಿಗೆ 10 ಯೂನಿಟ್ಟಿನದು. ಕೈಗೆ ಸಿಕ್ಕಿದ್ದು ಮಿಲಿಗೆ 10,000 ಯೂನಿಟ್ಟಿನದು. ಸಾವಿರ ಪಟ್ಟು! ಎರಡೂ ಪುಟ್ಟ ಸೀಸೆಗಳು, ಎರಡಕ್ಕೂ ನೀಲಿ ಬಣ್ಣದ ಚೀಟಿ. ಒಂದು ತುಸು ತಿಳಿ, ಇನ್ನೊಂದು ತುಸು ಗಾಢ. ತಯಾರಿಸಿದ್ದು ಬ್ಯಾಕ್ಸ್‌ಟರ್ ಕಂಪನಿ. 2007ರ ಫೆಬ್ರುವರಿಯಲ್ಲಿ ಕಂಪನಿ ಆಸ್ಪತ್ರೆಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಚೀಟಿಯ ರೂಪ ಬದಲಾದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಹಳೆಯ ಸೀಸೆಗಳನ್ನು ಹಿಂದಕ್ಕೆ ಪಡೆಯಲಿಲ್ಲ. ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಸಿನಿಮಾ ನಟನ ಅವಳಿ ಶಿಶುಗಳಿಗೆ ಇದೇ ತಪ್ಪು ಮತ್ತೆ ಸಂಭವಿಸಿತು. ಪುಣ್ಯಕ್ಕೆ ಅವು ಉಳಿದವು. ನಟನ ಮಕ್ಕಳಾದದ್ದರಿಂದ ಲೋಕಕ್ಕೆಲ್ಲ ಸುದ್ದಿಯಾಯಿತು.

ಬಣ್ಣದಲ್ಲಿ ಸ್ವಲ್ಪ ಭೇದ ಮಾಡಿದರೆ, ಅಕ್ಷರ ದೊಡ್ಡದು ಮಾಡಿದರೆ ಕಂಪನಿಗೆ ತಗಲುವ ಖರ್ಚೆಷ್ಟು? ಸಾಬೂನಿನ ಪೊಟ್ಟಣ ಗಿರಾಕಿಯ ಕಣ್ಣಿಗೆ ಬೀಳಲೆಂದು ವರ್ಷಕ್ಕೊಮ್ಮೆ ಬಣ್ಣ ಬದಲಾಯಿಸುವ ಕಾಲವಿದು. ಜೀವ ಕಾಯುವ ಆಂಪೂಲಿನ ಮೇಲೆ ಮಾತ್ರ ಇನ್ನೂ ಸಾಸಿವೆ ಗಾತ್ರದ ಅಕ್ಷರ.

ಹದಿನಾರು ಗಂಟೆ ದುಡಿದ ಕೈ

ಅದೇ 2006ರ ಜುಲೈಯಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ನಡೆದ ಸಂಗತಿಯನ್ನು ಗಿರಣಿಯ ಗೆಳೆಯರು ಮನಸ್ಸಿಟ್ಟು ಓದಬೇಕು. ಹೆರಿಗೆಗೆಂದು ಬಂದ 16 ವರ್ಷದ ಹುಡುಗಿಗೆ ಪೆನಿಸಿಲಿನ್ ಕೊಡಬೇಕಾಗಿತ್ತು. ಬೆನ್ನಿನ ದಾರಿಯಿಂದ ಮಾತ್ರ ಹಾಕಬೇಕಾದ ಅರಿವಳಿಕೆ ಔಷಧಿಯ ಚೀಲವೂ ಅಲ್ಲಿಯೇ ಇತ್ತು. ನರ್ಸು ಪೆನಿಸಿಲಿನ್ ಎಂದು ತಿಳಿದು ಅರಿವಳಿಕೆಯ ಚೀಲವನ್ನು ನರದ ಕೊಳವೆಗೆ ಜೋಡಿಸಿದರು. ಕೊಳವೆ ಎರಡಕ್ಕೂ ಹೊಂದುತ್ತಿತ್ತು. ಹುಡುಗಿ ಸತ್ತಳು, ಮಗುವನ್ನು ಶಸ್ತ್ರಕ್ರಿಯೆಯಿಂದ ಉಳಿಸಿಕೊಂಡರು.

ಆ ಚೀಲದ ಮೇಲೆ ಹೆಸರಿತ್ತು. ಹಾಗಾದರೆ ಚೀಟಿಯಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಹಿಂದಿನ ದಿನದ ಹಾಜರಿ ಪುಸ್ತಕದಲ್ಲಿದೆ. ಆ ನರ್ಸು ಹಿಂದಿನ ದಿನ ಎರಡು ಪಾಳಿ ಕೂಡಿಸಿ 16 ಗಂಟೆ ದುಡಿದಿದ್ದರು. ಮಧ್ಯರಾತ್ರಿ ಕೆಲಸ ಮುಗಿಸಿ ಆಸ್ಪತ್ರೆಯಲ್ಲೇ ಮಲಗಿ ಬೆಳಿಗ್ಗೆ ಮತ್ತೆ ಪಾಳಿಗೆ ನಿಂತಿದ್ದರು. ಎರಡು ಪಾಳಿ ಸತತ ಮಾಡಿ ಯಂತ್ರದ ಮುಂದೆ ನಿಂತವರಿಗೆ ಕಣ್ಣು ತೆರೆದಿದ್ದರೂ ಕಾಣದ ಹೊತ್ತು ಎಂಥದೆಂದು ನಾವು ಹೇಳಿಕೊಡಬೇಕಾಗಿಲ್ಲ. ಬೆರಳು ಕಳೆದುಕೊಂಡವರು ನಮ್ಮ ಕೇರಿಯಲ್ಲೇ ಇದ್ದಾರೆ. ಚೀಟಿಯನ್ನು ಓದಬೇಕಾದ್ದು ದಣಿದ ಕಣ್ಣು. ಕಣ್ಣಿಗೆ ವಿಶ್ರಾಂತಿ ಕೊಡದೆ ಚೀಟಿಯೊಂದನ್ನೇ ಅಂಟಿಸಿದರೆ ಅರ್ಧ ಕೆಲಸವಾದಂತೆ.

ಆಮೇಲೆ ಏನಾಯಿತು? ಸರಕಾರ ಆ ನರ್ಸಿನ ಮೇಲೆ ಘೋರ ಅಪರಾಧದ ಮೊಕದ್ದಮೆ ಹೂಡಿತು. ಕೊನೆಗೆ ಅದು ಚಿಕ್ಕ ಅಪರಾಧಗಳಿಗೆ ಇಳಿದು ಜೈಲು ತಪ್ಪಿತು. ಎರಡು ಪಾಳಿಗೆ ಅವಕಾಶ ಕೊಟ್ಟ ವ್ಯವಸ್ಥೆ ಕಟಕಟೆಯಲ್ಲಿ ನಿಲ್ಲಲಿಲ್ಲ. 2022ರಲ್ಲಿ ಅದೇ ದೇಶದ ನ್ಯಾಶ್‌ವಿಲ್ ನಗರದಲ್ಲಿಯೂ ಔಷಧಿ ಅದಲುಬದಲಾದ ಕಾರಣಕ್ಕೆ ಒಬ್ಬ ನರ್ಸಿಗೆ ಶಿಕ್ಷೆ ವಿಧಿಸಿ ಮೂರು ವರ್ಷ ನಿಗಾವಣೆಯಲ್ಲಿಟ್ಟರು. ತಪ್ಪಿಗೆ ಹೊಣೆ ಇರಬಾರದೆಂದು ನಾವು ಹೇಳುವುದಿಲ್ಲ. ಸತ್ತವರ ಮನೆಯವರಿಗೆ ಉತ್ತರ ಸಿಗಲೇಬೇಕು, ಪರಿಹಾರ ಸಿಗಲೇಬೇಕು. ಆದರೆ ಕೆಳಗಿನ ಕೆಲಸಗಾರರೊಬ್ಬರನ್ನು ಶಿಕ್ಷಿಸಿ ಫೈಲು ಮುಚ್ಚಿದರೆ ಅದೇ ಕಪಾಟು, ಅದೇ ಸೀಸೆ, ಅದೇ ಪಾಳಿ ನಾಳೆಯೂ ಇರುತ್ತವೆ. ಉಳಿದ ನರ್ಸುಗಳು ಕಲಿಯುವ ಪಾಠ ಒಂದೇ: ತಪ್ಪಾದರೆ ಬಾಯಿ ಬಿಡಬೇಡ.

ಇದಕ್ಕೆ ವಿರುದ್ಧವಾದ ದಾರಿಯೂ ಉಂಟು. 2004ರಲ್ಲಿ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯಲ್ಲಿ ಒಬ್ಬ ವೃದ್ಧೆಗೆ ಮಿದುಳಿನ ರಕ್ತನಾಳದ ಚಿಕಿತ್ಸೆ ನಡೆದಿತ್ತು. ಮೇಜಿನ ಮೇಲೆ ಹೆಸರು ಬರೆಯದ ಮೂರು ಬಟ್ಟಲುಗಳು. ಒಂದರಲ್ಲಿ ಸಲೈನ್, ಒಂದರಲ್ಲಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸಲು ಹಾಕುವ ದ್ರವ, ಇನ್ನೊಂದರಲ್ಲಿ ಚರ್ಮ ತೊಳೆಯುವ ಕ್ಲೋರ್‌ಹೆಕ್ಸಿಡಿನ್. ಮೂರೂ ತಿಳಿ. ಮೊದಲೆಲ್ಲ ಚರ್ಮಕ್ಕೆ ಕಂದು ಬಣ್ಣದ ಅಯೋಡಿನ್ ಬಳಸುತ್ತಿದ್ದುದರಿಂದ ಗುರುತು ತಪ್ಪುತ್ತಿರಲಿಲ್ಲ. ಅದನ್ನು ಬದಲಾಯಿಸಿದವರಿಗೆ ಬಣ್ಣವೇ ಇಷ್ಟು ದಿನ ಚೀಟಿಯ ಕೆಲಸ ಮಾಡುತ್ತಿತ್ತೆಂದು ಹೊಳೆಯಲಿಲ್ಲ. ಚರ್ಮ ತೊಳೆಯುವ ದ್ರವ ರಕ್ತನಾಳ ಸೇರಿ ಆ ತಾಯಿ ತೀರಿಕೊಂಡರು. ಆಸ್ಪತ್ರೆ ಮುಚ್ಚಿಡಲಿಲ್ಲ. ತಮ್ಮದೇ ತಪ್ಪೆಂದು ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿತು, ಪದ್ಧತಿಯನ್ನು ಬದಲಾಯಿಸಿತು. ಒಪ್ಪಿಕೊಂಡದ್ದರಿಂದ ಇನ್ನೆಷ್ಟೋ ಆಸ್ಪತ್ರೆಗಳು ಕಲಿತವು.

ನಮ್ಮ ಊರಿನ ಲೆಕ್ಕ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸು ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ. ನಾವು ಕಂಡ ವಾರ್ಡಿನಲ್ಲಿ 34ಕ್ಕೆ ಇಬ್ಬರು. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳದ ವಿಷಯ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದು, ಅದರ ಆದೇಶದಂತೆ ಕೇಂದ್ರ ಸರಕಾರ ಒಂದು ಸಮಿತಿಯನ್ನು ನೇಮಿಸಿತು. 50ಕ್ಕಿಂತ ಕಡಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಆ ಸಮಿತಿ ಹೇಳಿತು. ನಿಮ್ಮ ಕೇರಿಯಲ್ಲಿ ನರ್ಸಿಂಗ್ ಹೋಮಿಗೆ ದುಡಿಯಲು ಹೋಗುವ ಹೆಣ್ಣುಮಗಳನ್ನು ಕೇಳಿ ನೋಡಿರಿ, ಕೈಗೆ ಬರುವುದೆಷ್ಟೆಂದು. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರ ಮಕ್ಕಳು ನಾವು. ನಮ್ಮ ನರಕ್ಕೆ ಸೂಜಿ ಹಾಕುವ ಕೈ ಎಷ್ಟು ಗಂಟೆಯಿಂದ ದುಡಿಯುತ್ತಿದೆ ಎಂದು ನಾವು ಕೇಳಿದ್ದೇವೆಯೇ?

ಆದ್ದರಿಂದ ನಮ್ಮ ಜಿಲ್ಲೆಯ ಆಸ್ಪತ್ರೆಗಳ ಆಡಳಿತದವರ ಮುಂದೆಯೂ ಆರೋಗ್ಯಾಧಿಕಾರಿಗಳ ಮುಂದೆಯೂ ನಾವು ಈ ಬೇಡಿಕೆಗಳನ್ನು ಇಡುತ್ತೇವೆ.

1. ಪ್ರತಿ ವಾರ್ಡಿಗೂ ಅಚ್ಚು ಹಾಕಿಸಿದ ಚೀಟಿಗಳನ್ನು ಆಸ್ಪತ್ರೆಯೇ ಒದಗಿಸಲಿ. ಅವು ತೀರಿದರೆ ಹತ್ತಿಯೋ ಸೂಜಿಯೋ ತೀರಿದಷ್ಟೇ ಗಂಭೀರವೆಂದು ತಿಳಿಯಲಿ.

2. ಚೀಟಿ ಇಲ್ಲದ ಸಿರಿಂಜನ್ನು ಎಸೆಯುವುದೇ ನಿಯಮವಾಗಲಿ. ಎಸೆದದ್ದರ ಬೆಲೆಯನ್ನು ರೋಗಿಯ ಬಿಲ್ಲಿಗಾಗಲಿ ನರ್ಸಿನ ಸಂಬಳಕ್ಕಾಗಲಿ ಹಾಕಕೂಡದು, ಆಸ್ಪತ್ರೆಯೇ ಭರಿಸಲಿ.

3. ಗಾಢ ಪೊಟ್ಯಾಸಿಯಮ್ಮಿನಂಥ ಔಷಧಿಗಳನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದ ತೆಗೆದು ಬೀಗದಲ್ಲಿಡಲಿ.

4. ನರ್ಸುಗಳ ಸಂಖ್ಯೆ, ಸಂಬಳ, ಪಾಳಿ ಈ ಮೂರನ್ನೂ ಮೇಲೆ ಹೇಳಿದ ಅಳತೆಗೆ ತರಲಿ. ಸತತ ಎರಡು ಪಾಳಿ ನಿಲ್ಲಲಿ.

5. ತಪ್ಪುಗಳನ್ನು ಬರೆದಿಡುವ ಪುಸ್ತಕವಿರಲಿ. ತಾನಾಗಿ ಹೇಳಿಕೊಂಡವರಿಗೆ ಕಿರುಕುಳವಾಗದಿರಲಿ. ರೋಗಿಯ ಮನೆಯವರಿಗೆ ಸತ್ಯವನ್ನು ತಿಳಿಸಲಿ.

6. ಬಾಟಲಿಯ ಮೇಲೆ ರೋಗಿಯ ಹೆಸರನ್ನು ಕನ್ನಡದಲ್ಲೂ ಬರೆಯಲಿ. ಪಕ್ಕದಲ್ಲಿ ಕೂತ ತಾಯಿಯೋ ಮಗನೋ ಅದನ್ನು ಓದಬಲ್ಲರು. ಕಾವಲಿಗೆ ಒಂದು ಜೊತೆ ಕಣ್ಣು ಹೆಚ್ಚಾಗುತ್ತದೆ, ಅದೂ ಪುಕ್ಕಟೆಯಾಗಿ.

ನಮ್ಮ ಓದುಗರ ಪಾಲಿಗೂ ಕೆಲವು ಕೆಲಸಗಳಿವೆ. ಬಾಟಲಿ ತೂಗುಹಾಕುವಾಗ "ಸಿಸ್ಟರ್, ಇದು ಯಾವ ಔಷಧಿ, ಯಾರ ಹೆಸರಿನದು?" ಎಂದು ಮರ್ಯಾದೆಯಿಂದ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಅವರು ಔಷಧಿ ಎಳೆಯುತ್ತಿರುವಾಗ ಮಾತ್ರ ಮಾತಾಡಿಸಬೇಡಿರಿ. ಆ ಒಂದು ನಿಮಿಷ ಅವರನ್ನು ಅವರ ಪಾಡಿಗೆ ಬಿಡಿರಿ. ಬೇಗ ಮುಗಿಯಲೆಂದು ಡ್ರಿಪ್ಪಿನ ಗಾಲಿಯನ್ನು ನೀವೇ ತಿರುಗಿಸಬೇಡಿರಿ. ಚೀಟಿ ಇಲ್ಲದ ಸಿರಿಂಜನ್ನು ಎಸೆದ ಸಿಸ್ಟರ ಮೇಲೆ ಸಿಟ್ಟಾಗಬೇಡಿರಿ. ಆ ಸಿಟ್ಟನ್ನು ಚೀಟಿ ಕೊಡದವರಿಗಾಗಿ ಇಟ್ಟುಕೊಳ್ಳಿರಿ.

ಅಚ್ಚು ಹಾಕಿಸಿದ ಒಂದು ಚೀಟಿಗೆ ಒಂದು ಬೀಡಿಯಷ್ಟೂ ಖರ್ಚು ಬೀಳಲಾರದು. ಆ ಚೀಟಿ ಇಲ್ಲದ್ದಕ್ಕೆ ಹಮಾಲರ ಹೆಂಡತಿ ಅಂದು 360 ರೂಪಾಯಿ ತೆತ್ತರು. ಸಿಸ್ಟರು ಅಷ್ಟು ಗಟ್ಟಿಯಾಗಿ ನಿಲ್ಲದಿದ್ದರೆ ಅವರು ಏನು ತೆರಬೇಕಾಗುತ್ತಿತ್ತೋ. ಹಮಾಲರು ಗುಣವಾಗಿ ಮನೆಗೆ ಹೋದರೆಂದು ನಮ್ಮ ಗೆಳೆಯರು ತಿಳಿಸಿದ್ದಾರೆ. ಆ ವಾರ್ಡಿಗೆ ಚೀಟಿ ಬಂದಿದೆಯೇ ಎಂದು ಮುಂದಿನ ವಾರ ಹೋಗಿ ನೋಡುತ್ತೇವೆ. ನೋಡಿದ್ದನ್ನು ಇದೇ ಪತ್ರಿಕೆಯಲ್ಲಿ ಬರೆಯುತ್ತೇವೆ.